ಹಂಡೆಯ ನೀರು

ಮಂಗಳವಾರ ಬಂತೆಂದರೆ ಬೆಳಿಗ್ಗೆಯಿಂದಲೇ ನನ್ನ ಕಣ್ಣು ಬಚ್ಚಲುಮನೆಯ ಬಾಗಿಲ ಮೇಲೆ. ಶುಕ್ರವಾರವೂ ಹಾಗೆಯೇ. ಈ ಎರಡು ದಿನ ನನ್ನ ಹೆಂಡತಿ ಚನ್ನಬಸಮ್ಮ ಸ್ನಾನ, ಲಿಂಗಪೂಜೆ ಮುಗಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಚ್ಚಲುಮನೆಯ ತಾಮ್ರದ ಹಂಡೆಯಿಂದ ನೀರು ಮೊಗೆದು ತಂದು ನನ್ನ ಮೀನಿನ ತೊಟ್ಟಿಗೆ ಸುರಿಯುತ್ತಾಳೆ. ಎಂಟು ಬಿಂದಿಗೆ. ಅಷ್ಟು ಪ್ರೀತಿಯಿಂದ ಅವಳು ನನಗೆ ಕಾಫಿ ಕೊಟ್ಟದ್ದೂ ನೆನಪಿಲ್ಲ. ಆ ನೀರು ನನ್ನ ಮೀನುಗಳನ್ನು ಒಂದೊಂದಾಗಿ ಕೊಲ್ಲುತ್ತಿದೆ. ಈ ಮನೆಯಲ್ಲಿ ಅದು ಗೊತ್ತಿರುವುದು ನನಗೊಬ್ಬನಿಗೆ, ಮತ್ತು ನನಗೆ ಮಾತು ಬರುವುದಿಲ್ಲ.

ನನ್ನ ಹೆಸರು ಕಲ್ಲೇಶಪ್ಪ, ವಯಸ್ಸು ಐವತ್ತಾರು. ಶನಿವಾರಸಂತೆಯ ಮುಖ್ಯರಸ್ತೆಯಲ್ಲಿ ಮೋಟರ್ ವೈಂಡಿಂಗ್ ಅಂಗಡಿ, ಅದರ ಬೆನ್ನಿಗೇ ಮನೆ. ಕಾಫಿ ತೋಟಗಳಿಗೆ ಹೂ ಅರಳಲೆಂದು ಪಂಪಿನಿಂದ ನೀರು ಹೊಡೆಯುವ ಕಾಲದಲ್ಲಿ ಸುಟ್ಟುಹೋದ ಮೋಟರುಗಳು ನನ್ನ ಅಂಗಡಿಯ ಮುಂದೆ ಸಾಲುಗಟ್ಟುತ್ತವೆ. ಜನವರಿ ಕೊನೆಯಲ್ಲಿ ಅಂಥದೇ ಒಂದು ಮೋಟರಿನ ಸುರುಳಿ ಬಿಚ್ಚುತ್ತಿದ್ದೆ. ಬಲಗೈಯಿಂದ ಇಕ್ಕಳ ಜಾರಿತು. ಎತ್ತಿಕೊಳ್ಳೋಣವೆಂದು ಬಗ್ಗಿದವನು ಮತ್ತೆ ಏಳಲಿಲ್ಲ. ಹಾಸನದ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿಸಿದರು, ಲಕ್ವ ಅಂದರು. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಬುದ್ಧಿ ಮಾತ್ರ ಹೋಗಲಿಲ್ಲ. ಅದೂ ಹೋಗಿದ್ದರೆ ಚೆನ್ನಾಗಿತ್ತು ಎಂದು ಈಗೀಗ ಅನ್ನಿಸುತ್ತದೆ.

ಹೇಳಬೇಕಾದ ಮಾತು ತಲೆಯಲ್ಲಿ ನಿಚ್ಚಳವಾಗಿ ನಿಂತಿರುತ್ತದೆ. ಬಾಯಿ ತೆರೆದರೆ “ಅಬಾ, ಅಬಬಾ” ಎಂದು ಬರುತ್ತದೆ. ಎಡಗೈಗೆ ಪೆನ್ನು ಕೊಟ್ಟು ಬರೆಯಿರಿ ಅಂದರು. ಬರೀ ಗೆರೆ ಬಂತು. ಅಕ್ಷರದ ಚಾರ್ಟು ತಂದು ತೋರಿಸಿದರು, ಅದರಲ್ಲಿ ಒಂದೂ ಗುರುತಾಗಲಿಲ್ಲ. ತಲೆಯಾಡಿಸಿಯಾದರೂ ಹೇಳಬಹುದಿತ್ತಲ್ಲ ಎನ್ನುತ್ತೀರಿ. ಅದನ್ನು ನಾನೇ ಹಾಳುಮಾಡಿಕೊಂಡೆ. ಆಸ್ಪತ್ರೆಯಿಂದ ಬಂದ ಮೊದಲ ತಿಂಗಳು ಗಂಜಿಗೆ, ಮಾತ್ರೆಗೆ, ಎಣ್ಣೆ ತಿಕ್ಕುವುದಕ್ಕೆ, ನೋಡಲು ಬಂದ ನೆಂಟರಿಗೆ, ಎಲ್ಲಕ್ಕೂ ಬೇಡ ಬೇಡವೆಂದು ತಲೆ ಕೊಡವಿದೆ. ಈಗ ನಾನು ತಲೆ ಕೊಡವಿದರೆ “ಇದು ಇವರದ್ದು ಇದ್ದಿದ್ದೇ” ಎಂದುಕೊಂಡು ಎಲ್ಲರೂ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ.

ಇನ್ನು ಮೀನಿನ ವಿಷಯ. ಹದಿನಾಲ್ಕು ವರ್ಷದ ಹಿಂದೆ ವೈಂಡಿಂಗ್ ತಂತಿ ತರಲು ಮೈಸೂರಿಗೆ ಹೋದವನು, ಬಸ್ಸಿಗೆ ಇನ್ನೂ ಹೊತ್ತಿದೆಯೆಂದು ಒಂದು ಮೀನಿನ ಅಂಗಡಿಗೆ ನುಗ್ಗಿದೆ. ಕಿತ್ತಳೆ ಬಣ್ಣದ ಮೈ, ಮೂರು ಕಪ್ಪು ಪಟ್ಟೆ, ಬಾಯಿಯ ಸುತ್ತ ಪುಟ್ಟ ಮೀಸೆ. ಬೆರಳುದ್ದದ ಹನ್ನೆರಡು ಮರಿಗಳು ಒಂದೇ ಕೊಳವೆಯೊಳಗೆ ಜಾಗಕ್ಕಾಗಿ ತಳ್ಳಾಡುತ್ತಿದ್ದವು, ಸಂತೆ ದಿನ ನಮ್ಮೂರ ಬಸ್ಸಿನಲ್ಲಿ ಜನ ತಳ್ಳಾಡುವ ಹಾಗೆ. “ಇದು ಲೋಚ್ ಅಂತ ಸಾರ್. ಒಂದೆರಡು ತಗೊಂಡ್ರೆ ಬದುಕಲ್ಲ, ಗುಂಪಲ್ಲೇ ಇರ್ಬೇಕು. ಗೇಣುದ್ದ ಬೆಳೀತವೆ. ಚೆನ್ನಾಗ್ ನೋಡ್ಕೊಂಡ್ರೆ ಇಪ್ಪತ್ತು ವರ್ಷ” ಅಂದ ಅಂಗಡಿಯವನು. ಹನ್ನೆರಡನ್ನೂ ತಂದೆ.

ಲಿಂಗಾಯತರ ಮನೆಗೆ ಮೀನು ಬಂದದ್ದು ಊರಿಗೆಲ್ಲ ಸುದ್ದಿಯಾಯಿತು. “ಏನ್ ಕಲ್ಲೇಶಣ್ಣ, ಸಾರು ಯಾವಾಗ?” ಎಂದು ಅಂಗಡಿಗೆ ಬಂದವರೆಲ್ಲ ಕಿಚಾಯಿಸಿದರು. ಚನ್ನಬಸಮ್ಮ ಒಂದು ವಾರ ಮೂಗು ಮುಚ್ಚಿಕೊಂಡೇ ಓಡಾಡಿದಳು. ಮೀನಿನ ಆಹಾರದ ಡಬ್ಬಿ ಅಡುಗೆಮನೆಯ ಹೊಸ್ತಿಲು ದಾಟಕೂಡದೆಂದು ಕಟ್ಟಪ್ಪಣೆ ಮಾಡಿದಳು. ನಾನು ಸೌತೆಕಾಯಿ ಹೋಳು, ಬೇಯಿಸಿದ ಬಟಾಣಿ ಹಾಕಿ ಹಾಕಿ ಅವನ್ನೂ ಮುಕ್ಕಾಲು ಪಾಲು ಲಿಂಗಾಯತರನ್ನಾಗಿ ಮಾಡಿದೆ. ಆಮೇಲೆ ಅವಳೇ ಅವಕ್ಕೆ ‘ಮೀಸೆಯವರು’ ಎಂದು ಹೆಸರಿಟ್ಟಳು.

ತೊಟ್ಟಿ ಮೂರು ಸಲ ಬದಲಾಯಿತು. ಈಗಿರುವುದು ಆರಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ. ಕೆಳಗಿನ ಕಬ್ಬಿಣದ ಸ್ಟ್ಯಾಂಡು ನಾನೇ ವೆಲ್ಡ್ ಮಾಡಿದ್ದು. ಒಳಗೆ ಹೇಮಾವತಿ ಹೊಳೆಯಿಂದ ಆರಿಸಿ ತಂದ ನುಣುಪು ಕಲ್ಲು, ಅಡಗಿಕೊಳ್ಳಲು ನಾಲ್ಕಿಂಚಿನ ಪೈಪಿನ ತುಂಡುಗಳು. ವಾರಕ್ಕೊಮ್ಮೆ ಕಾಲು ಭಾಗ ಹಳೇ ನೀರು ತೆಗೆದು ಹೊಸದು ಹಾಕಬೇಕು. ಫಿಲ್ಟರಿನ ಸ್ಪಂಜನ್ನು ತೊಟ್ಟಿಯ ನೀರಿನಲ್ಲೇ ಹಿಂಡಬೇಕು, ನಲ್ಲಿಯಡಿ ಹಿಂಡಕೂಡದು. ಪಂಚಾಯಿತಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿರುತ್ತಾರೆ, ಆದ್ದರಿಂದ ಡ್ರಮ್ಮಿನಲ್ಲಿ ಒಂದು ರಾತ್ರಿ ನಿಲ್ಲಿಸಿಯೇ ಹಾಕಬೇಕು. ಹದಿನಾಲ್ಕು ವರ್ಷದಲ್ಲಿ ನಾನು ಒಂದು ವಾರವೂ ತಪ್ಪಿಸಿದವನಲ್ಲ. ಮಗಳು ಅಮೃತಾಳ ಮದುವೆಯ ವಾರ ಕೂಡ ಬೀಗರನ್ನು ಜಗಲಿಯಲ್ಲಿ ಕೂರಿಸಿ ನೀರು ಬದಲಾಯಿಸಿದ್ದೆ.

ಹನ್ನೆರಡರಲ್ಲಿ ಮೂರನ್ನು ಮೊದಲ ವರ್ಷವೇ ನಾನೇ ಕೊಂದೆ. ಮೈಮೇಲೆ ರವೆ ಉದುರಿದ ಹಾಗೆ ಬಿಳಿ ಚುಕ್ಕಿ ಬಂತು. ಯಾವುದೋ ಅಂಗಡಿಯ ನೀಲಿ ಔಷಧಿ ತಂದು ಬಾಟಲಿ ಬಗ್ಗಿಸಿದೆ. ಸಂಜೆಯೊಳಗೆ ಮೂರು ಹೋದವು. ಮೈಸೂರಿನವನಿಗೆ ಫೋನು ಮಾಡಿದರೆ ಚೆನ್ನಾಗಿ ಬೈದ. “ಅದ್ರಲ್ಲಿ ತಾಮ್ರ ಇರುತ್ತೆ ಸಾರ್. ಈ ಜಾತಿ ಮೀನಿಗೆ ಮೈಮೇಲಿನ ಹುರುಪೆ ಇದ್ರೂ ಇಲ್ಲದಷ್ಟು ತೆಳು. ತಾಮ್ರ ಸೀದಾ ಮೈಗಿಳಿಯುತ್ತೆ. ನಿಮ್ ಕಡೆ ನೀರು ಬೇರೆ ಮೆದು, ಗಡಸಿಲ್ಲ, ಅಂಥ ನೀರಲ್ಲಿ ತಾಮ್ರ ಇನ್ನೂ ಜಾಸ್ತಿ ವಿಷ. ಒಂದು ಚೂರು ತಾಮ್ರಾನೂ ಸೋಕಿಸ್ಬೇಡಿ.” ನಾನೋ, ದಿನವಿಡೀ ತಾಮ್ರದ ತಂತಿ ಸುತ್ತುವವನು. ಅವತ್ತಿನಿಂದ ಸೋಪು ಹಾಕಿ ಮೂರು ಸಲ ಕೈ ತೊಳೆಯದೆ ತೊಟ್ಟಿ ಮುಟ್ಟಲಿಲ್ಲ. ತಂತಿಯ ಒಂದು ತುಣುಕೂ ಆ ಕೋಣೆಗೆ ಬರಲು ಬಿಡಲಿಲ್ಲ. ಯಾಕೆಂದು ಯಾರಿಗೂ ಹೇಳಲೂ ಇಲ್ಲ. ತೊಟ್ಟಿ ನನ್ನದು, ಬೇರೆಯವರು ಮುಟ್ಟಕೂಡದು, ಅಷ್ಟೇ ನನ್ನ ಕಾನೂನು.

ಚನ್ನಬಸಮ್ಮ ಒಮ್ಮೆ ಮುಟ್ಟಿದ್ದಳು. ನಾನು ತೋಟವೊಂದಕ್ಕೆ ಪಂಪು ಇಳಿಸಲು ಹೋಗಿದ್ದಾಗ, ನೀರು ಕಮ್ಮಿಯಾಗಿದೆಯಲ್ಲ ಎಂದು ನಲ್ಲಿಯಿಂದ ಎರಡು ಬಿಂದಿಗೆ ತಂದು ಹಾಕಿದ್ದಳು. ಬಂದು ನೋಡಿದವನು ಗಿರಾಕಿಗಳೆದುರಿಗೇ ಕೂಗಾಡಿದೆ. “ಒಂದು ರಾತ್ರಿ ನಿಂತ ನೀರು ಹಾಕ್ಬೇಕು ಅನ್ನೋದು ಗೊತ್ತಾಗಲ್ವಾ ನಿಂಗೆ? ತಲೇಲಿ ಏನ್ ತುಂಬ್ಕೊಂಡಿದೀಯ?” ಅವಳು ತಲೆ ತಗ್ಗಿಸಿ ಒಳಗೆ ಹೋದಳು. ಇನ್ನೊಮ್ಮೆ ಮೀನೊಂದು ಅಡ್ಡಡ್ಡ ಮಲಗಿದ್ದನ್ನು ನೋಡಿ “ರೀ, ಸತ್ತೋಯ್ತು!” ಎಂದು ಅಂಗಡಿಯವರೆಗೆ ಓಡಿಬಂದಳು. ಈ ಮೀನು ಹೊಟ್ಟೆ ತುಂಬಿದರೆ ಪಕ್ಕಕ್ಕೆ ವಾಲಿ ಮಲಗುತ್ತದೆ, ಅದು ಅದರ ನಿದ್ದೆ. ನಾನು ವಾರಗಟ್ಟಲೆ ಅವಳನ್ನು ಅಣಕಿಸಿದೆ. ಒಟ್ಟಿನಲ್ಲಿ ಇಷ್ಟು ವರ್ಷದಲ್ಲಿ ನಾನು ಅವಳಿಗೆ ಕಲಿಸಿದ್ದು ಎರಡೇ ಪಾಠ, ನೀರು ಒಂದು ರಾತ್ರಿ ನಿಲ್ಲಬೇಕು, ಅಡ್ಡ ಮಲಗಿದರೆ ಗಾಬರಿಯಾಗಬಾರದು. ಎರಡೂ ಬೈದು ಕಲಿಸಿದ್ದರಿಂದ ಅವಳು ಮರೆಯಲಿಲ್ಲ.

ಆಸ್ಪತ್ರೆಯಿಂದ ಬಂದಾಗ ಒಂಬತ್ತೂ ಚೆನ್ನಾಗಿದ್ದವು. ನನ್ನ ಕುರ್ಚಿಯನ್ನು ತೊಟ್ಟಿಯ ಎದುರಿಗೇ ಹಾಕಿಸಿದಳು. ನಾನು ಮಾಡುತ್ತಿದ್ದುದನ್ನೆಲ್ಲ ದೂರದಿಂದ ನೋಡಿ ನೋಡಿಯೇ ಕಲಿತಿದ್ದಳು. ಪೈಪು ಹಾಕಿ ತಳದ ಕೊಳೆ ಎಳೆಯುವುದು, ಸ್ಪಂಜು ಹಿಂಡುವುದು, ಬಟಾಣಿ ಸಿಪ್ಪೆ ಸುಲಿದು ಹಾಕುವುದು. ಮೀನು ತಿನ್ನುವಾಗ ಟಕ್ ಟಕ್ ಎಂದು ಸದ್ದು ಮಾಡುತ್ತವೆ, ಅದು ಕೇಳಿದರೆ ಮಕ್ಕಳ ಹಾಗೆ ನಗುತ್ತಿದ್ದಳು. ನಾನಾಗಿದ್ದರೂ ಅಷ್ಟು ಅಚ್ಚುಕಟ್ಟಾಗಿ ಮಾಡುತ್ತಿರಲಿಲ್ಲ. ಇವಳನ್ನು ಯಾಕೆ ಹತ್ತಿರ ಸೇರಿಸಲಿಲ್ಲ ನಾನು ಎಂದು ಆಗ ನಿಜವಾಗಿ ನಾಚಿಕೆಯಾಯಿತು.

ಮೇ ಎರಡನೇ ವಾರ ಅವಳ ತಮ್ಮ ಮಂಜೇಶ್ ಬಂದ. ನನ್ನ ಅಂಗಡಿಯನ್ನು ಈಗ ಅವನೇ ನೋಡಿಕೊಳ್ಳುತ್ತಾನೆ, ಕೊಡ್ಲಿಪೇಟೆ ಹತ್ತಿರ ಮೂರೆಕರೆ ತೋಟವೂ ಇದೆ. ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ ಕೊಳೆರೋಗದ ಔಷಧಿ ಬೋರ್ಡೋ ಹೊಡೆಸಬೇಕು, ಕಲಸಲು ಡ್ರಮ್ ಬೇಕು ಅಂದ. ಹಿತ್ತಲಲ್ಲಿದ್ದ ನನ್ನ ನೀಲಿ ಡ್ರಮ್ಮನ್ನು ಜೀಪಿಗೆ ಹಾಕಿಕೊಂಡು ಹೋದ. ನಾನು “ಅಬಬಾ” ಅಂದೆ. “ಹೂಂ ಭಾವ, ವಾಪಸ್ ತಂದ್ಕೊಡ್ತೀನಿ” ಅಂದ.

ಅವತ್ತು ಸಂಜೆ ಬಚ್ಚಲುಮನೆಯಿಂದ ಉಜ್ಜುವ ಸದ್ದು ಬಂತು. ಮದುವೆಗೆ ತವರಿನಿಂದ ಕೊಟ್ಟ ತಾಮ್ರದ ಹಂಡೆಗೆ ಹುಣಸೆಹಣ್ಣು, ಉಪ್ಪು ಹಾಕಿ ಒಳಗೂ ಹೊರಗೂ ತಿಕ್ಕುತ್ತಿದ್ದಳು. ಗೀಸರ್ ಬಂದ ಮೇಲೆ ಒಲೆ ಬಿಟ್ಟು ಇಳಿದ ಹಂಡೆ ಅದು. ಬೆವರೊರೆಸಿಕೊಳ್ಳುತ್ತ ಬಂದು ನನ್ನೆದುರು ಕೂತಳು.

“ಡ್ರಮ್ಮು ಹೋದ್ರೆ ಹೋಗ್ಲಿ ಬಿಡಿ. ಹಂಡೇಲಿ ನೀರ್ ತುಂಬ್ಸಿದೀನಿ, ರಾತ್ರಿಯೆಲ್ಲ ನಿಂತಿರ್ತದೆ. ಆ ಪ್ಲಾಸ್ಟಿಕ್ಕಿಗಿಂತ ಇದೇ ವಾಸಿ ಕಣ್ರೀ. ತಾಮ್ರದ ನೀರು ಒಳ್ಳೇದು ಅಂತ ನಿಮಗೂ ದಿನಾ ಚೊಂಬಲ್ಲಿಟ್ಟು ಕೊಡ್ತಿಲ್ವಾ? ಮೀಸೆಯವ್ರೂ ಕುಡ್ಕೊಂಡು ಗಟ್ಟಿಯಾಗ್ಲಿ.”

ಹುಳಿ ಹಾಕಿ ಬೆಳಗಿದ ಹಂಡೆ, ನಮ್ಮೂರಿನ ಮೆದು ನೀರು, ಅದೂ ಇಡೀ ರಾತ್ರಿ. ಬೆಳಗಾಗುವುದರೊಳಗೆ ತಾಮ್ರ ನೀರಿಗಿಳಿದಿರುತ್ತದೆ. ನಾನು ಕೂಗಿದೆ. ಎಡಗೈಯಿಂದ ಬಚ್ಚಲುಮನೆ ತೋರಿಸಿದೆ, ತೊಟ್ಟಿ ತೋರಿಸಿದೆ, ತಲೆ ಕೊಡವಿದೆ. ಅವಳು ನನ್ನನ್ನು ಬಚ್ಚಲುಮನೆಗೆ ಕರೆದುಕೊಂಡು ಹೋಗಿ ಕೂರಿಸಿ, ಸ್ವಲ್ಪ ಹೊತ್ತು ಕಾದು, “ಬರ್ಲಿಲ್ವಾ?” ಎಂದು ಕೇಳಿ ವಾಪಸು ಕರೆತಂದಳು.

ಹಂಡೆಯ ನೀರು ಶುರುವಾದ ಮೂರನೇ ವಾರಕ್ಕೆ ಕಿತ್ತಳೆ ಬಣ್ಣ ಮಾಸತೊಡಗಿತು. ಮೈಮೇಲೆ ತೆಳ್ಳಗೆ ಲೋಳೆ ಕಟ್ಟಿತು. ಕಿವಿರು ದಬದಬ ಬಡಿಯುತ್ತಿತ್ತು, ಕಲ್ಲಿಗೆ ಮೈ ಉಜ್ಜಿಕೊಳ್ಳುತ್ತಿದ್ದವು. ಪೈಪಿನೊಳಗೆ ತಳ್ಳಾಡುವುದು ನಿಂತಿತು. ಒಂದು ಪಕ್ಕಕ್ಕೆ ವಾಲಿ ಮಲಗಿತು. ಚನ್ನಬಸಮ್ಮ ಬಗ್ಗಿ ನೋಡಿ, “ಮಲ್ಗವ್ರೆ, ಮಲ್ಗವ್ರೆ. ನಾನ್ ಈಗ ಹೆದ್ರಲ್ಲ ಬಿಡಿ” ಎಂದು ನನ್ನತ್ತ ತಿರುಗಿ ಜಂಬದಿಂದ ನಕ್ಕಳು. ಕಲಿತದ್ದನ್ನು ಒಪ್ಪಿಸಿದ ಹುಡುಗಿಯ ಮುಖ ಅದು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಮಾರನೆಯ ದಿನ ಆ ಮೀನು ತೇಲಿತು.

ಅವಳು ಗೊಳೋ ಎಂದು ಅತ್ತಳು. ಪಕ್ಕದ ಮನೆಯ ಕಾಳಮ್ಮ ಸದ್ದು ಕೇಳಿ ಬಂದಳು. “ಅಯ್ಯೋ ಅಕ್ಕ, ಅಳ್ಬ್ಯಾಡಿ. ಮನೇಲಿ ಸಾಕಿದ ಮೀನ್ ಹೋದ್ರೆ ಯಜಮಾನ್ರಿಗೆ ಬರೋ ಗಂಡಾಂತರ ಅದು ಹೊತ್ಕೊಂಡ್ ಹೋಯ್ತು ಅಂತ. ಅಣ್ಣಂಗೆ ಒಳ್ಳೇದೇ ಆಗ್ತದೆ ನೋಡ್ತಿರಿ.” ಕಾಳಮ್ಮನ ನಾಲಿಗೆಗೆ ಏನು ಹೇಳಲಿ. ನನ್ನ ಗ್ರಹಚಾರಕ್ಕೆ ಮರುದಿನವೇ ಬಲಗಾಲಿನ ಹೆಬ್ಬೆರಳು ಅಲ್ಲಾಡಿತು. ಚನ್ನಬಸಮ್ಮ ದೇವರಕೋಣೆಗೆ ಓಡಿಹೋಗಿ ವಿಭೂತಿ ತಂದು ನನ್ನ ಹಣೆಗೆ ಹಚ್ಚಿದಳು, ತೊಟ್ಟಿಯ ಗಾಜಿಗೂ ಹಚ್ಚಿದಳು.

ಅಲ್ಲಿಂದ ಮುಂದೆ ಮೀನು ಸತ್ತರೆ ಅವಳ ಅಳುವಿನೊಳಗೊಂದು ಸಮಾಧಾನ ಸೇರಿಕೊಂಡಿತು. ಎರಡನೆಯದು ಹೋಯಿತು, ಮೂರನೆಯದು ಹೋಯಿತು. ಪ್ರತಿಯೊಂದನ್ನೂ ಅಂಗೈಯಲ್ಲಿ ಹಿಡಿದು ಹಿತ್ತಲಲ್ಲಿ ದಾಸವಾಳದ ಬುಡಕ್ಕೆ ಹೂತು, ಕೈ ಮುಗಿದು ಬರುತ್ತಿದ್ದಳು. ಉಳಿದವಕ್ಕೆ ಇನ್ನಷ್ಟು ಉಪಚಾರ. ವಾರಕ್ಕೊಂದು ಸಲವಿದ್ದ ನೀರು ಎರಡು ಸಲವಾಯಿತು. ಸೋಮವಾರ, ಗುರುವಾರ ಸಂಜೆ ಹಂಡೆ ಬೆಳಗುವುದು, ಮಂಗಳವಾರ, ಶುಕ್ರವಾರ ಬೆಳಿಗ್ಗೆ ಸುರಿಯುವುದು. ಅವಳಿಗೆ ಸೊಂಟನೋವು ಬೇರೆ. ಬಿಂದಿಗೆ ಎತ್ತುವಾಗ ಹಲ್ಲು ಕಚ್ಚುವುದು ನನಗೆ ಕಾಣುತ್ತಿತ್ತು.

ಜೂನ್ ಮಧ್ಯದಲ್ಲಿ ಮಂಜೇಶ್ ಡ್ರಮ್ ವಾಪಸು ತಂದ. ನನಗೆ ಜೀವ ಬಂದ ಹಾಗಾಯಿತು. ಅಕ್ಕ ಕೈಹಾಕುವ ಮೊದಲೇ ಅವನು ತಡೆದ.

“ಅಕ್ಕ, ಇದ್ರಲ್ಲಿ ಮೀನಿನ ನೀರು ತುಂಬ್ಬೇಡ ಮತ್ತೆ. ಬೋರ್ಡೋಗೆ ಮೈಲುತುತ್ತು ಕಲ್ಸಿರೋದು, ಎಷ್ಟು ತೊಳುದ್ರೂ ಬಿಡಲ್ಲ. ಮೀನಿಗೆ ಅದು ವಿಷ.”

“ಅಯ್ಯಯ್ಯೋ, ಸದ್ಯ ಹೇಳ್ದಲ್ಲ! ಸೌದೆ ಹಾಕಕ್ಕಾಗ್ತದೆ, ಕೊಟ್ಟಿಗೇಲಿ ಇಡು. ನನ್ ಹಂಡೆ ಐತಲ್ಲ ಮೀನಿಗೆ.”

ಮೈಲುತುತ್ತು ಎಂದರೆ ತಾಮ್ರವೇ ಕಣೋ ದಡ್ಡ! ಹುಟ್ಟಿದಾಗಿನಿಂದ ತೋಟದಲ್ಲಿ ಅದನ್ನೇ ಕಲಸುವವನು, ಈಗ ನನ್ನ ಅಂಗಡಿಯಲ್ಲಿ ದಿನವಿಡೀ ತಾಮ್ರ ಸುತ್ತುವವನು, ಬಾಯಲ್ಲೇ ವಿಷ ಎಂದವನು, ಕಣ್ಣೆದುರು ಥಳಥಳ ಹೊಳೆಯುವ ಹಂಡೆ ನೋಡಿಕೊಂಡು ನಿಂತಿದ್ದ. ನಾನು ಕುರ್ಚಿಯ ಕೈಯನ್ನು ಬಡಿದೆ, ಕೂಗಿದೆ, ಜೊಲ್ಲು ಸುರಿಯಿತು. ಮಂಜೇಶ್ ಹತ್ತಿರ ಬಂದು ಟವೆಲಿನಿಂದ ಬಾಯಿ ಒರೆಸಿದ. “ಭಾವಂಗೆ ನಾವ್ ಮೀನಿನ ಬಗ್ಗೆ ಇಷ್ಟ್ ಕಾಳಜಿ ಮಾಡೋದು ನೋಡಿ ಖುಷಿಯಾಗ್ಬುಟ್ಟದೆ ಅಕ್ಕ” ಅಂದ.

ಮುಂದಿನ ಗುರುವಾರ ಸಂಜೆ ನಾನೊಂದು ಕೆಲಸ ಮಾಡಿದೆ. ಬಚ್ಚಲುಮನೆಯಲ್ಲಿ ನನ್ನನ್ನು ಕೂರಿಸಿ ಅವಳು ಟವೆಲು ತರಲು ಹೋದಳು. ಹಂಡೆ ಮಾರುದ್ದದಲ್ಲಿತ್ತು, ತುಂಬಿತ್ತು. ಹೇಗಾದರೂ ಮಾಡಿ ಅದನ್ನು ನಗ್ಗಿಸಬೇಕು, ಸೋರುವ ಹಾಗೆ ಮಾಡಬೇಕು ಎಂದು ಮೈಯ ಭಾರವನ್ನೆಲ್ಲ ಎಡಗೈಗೆ ಬಿಟ್ಟು ಅದರ ಮೇಲೆ ಬಿದ್ದೆ. ಎಂಟು ಬಿಂದಿಗೆ ನೀರಿನ ಹಂಡೆ ಕದಲಲಿಲ್ಲ, ನಾನು ಕದಲಿದೆ. ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಚನ್ನಬಸಮ್ಮ “ನಂದೇ ತಪ್ಪು, ಒಬ್ರನ್ನೇ ಬಿಟ್ ಹೋದೆ” ಎಂದು ಎರಡು ದಿನ ಊಟ ಬಿಟ್ಟಳು. ಅವಳ ಮುಖ ನೋಡಲಾಗಲಿಲ್ಲ. ಅಂಥ ಕೆಲಸ ಮತ್ತೆ ಮಾಡಲಿಲ್ಲ. ಅಷ್ಟು ಹೊತ್ತಿಗೆ ಇನ್ನೆರಡು ಹೋಗಿ ನಾಲ್ಕು ಮೀನು ಉಳಿದಿದ್ದವು.

ಉಳಿದದ್ದು ಒಂದೇ ದಾರಿ, ಮಾತು. ಪ್ರತಿ ಗುರುವಾರ ಸೋಮವಾರಪೇಟೆಯಿಂದ ವಿನುತಾ ಎಂಬ ಹುಡುಗಿ ಕೈಕಾಲಿನ ವ್ಯಾಯಾಮ, ಮಾತಿನ ಅಭ್ಯಾಸ ಮಾಡಿಸಲು ಬರುತ್ತಾಳೆ. ಅವಳ ಹತ್ತಿರ ಚಿತ್ರದ ಕಾರ್ಡುಗಳಿವೆ. ಊಟದ ತಟ್ಟೆ, ಲೋಟ, ಹಾಸಿಗೆ, ಹೊಟ್ಟೆ ಹಿಡಿದುಕೊಂಡ ಮನುಷ್ಯ. ನಾನು ಲೋಟ ತೋರಿಸಿದರೆ ನೀರು ಕುಡಿಸುತ್ತಾರೆ. ಹೆಂಡತಿ ಹಂಡೆಯಿಂದ ಮೀನಿಗೆ ವಿಷ ಹಾಕುತ್ತಿದ್ದಾಳೆ ಎಂಬ ಚಿತ್ರವನ್ನು ಯಾರೂ ಬರೆದಿರಲಿಲ್ಲ.

“ಅಂಕಲ್, ಸಣ್ಣ ಪದದಿಂದ ಶುರು ಮಾಡೋಣ. ಒಂದು ಬಂದ್ರೆ ಸಾಕು, ಉಳಿದಿದ್ದು ಹಿಂದೇನೇ ಬರುತ್ತೆ” ಎನ್ನುತ್ತಿದ್ದಳು ವಿನುತಾ. ನಾನು ಮೊದಲು ತಾಮ್ರ ಎನ್ನಲು ಹೋದೆ. ಆ ಒತ್ತಕ್ಷರದ ಹತ್ತಿರ ನಾಲಿಗೆ ಸುಳಿಯಲೂ ಇಲ್ಲ. ಯೋಚಿಸಿ ‘ಬೇಡ’ ಎಂಬುದನ್ನು ಆರಿಸಿದೆ. ಎರಡೇ ಅಕ್ಷರ. ‘ಬ’ ಹೇಗೂ ನನ್ನ ಅಬಬಾದಲ್ಲಿ ಇದ್ದೇ ಇತ್ತು. ‘ಡ’ ಬರಬೇಕಿತ್ತು. ನಾಲಿಗೆ ಮೇಲಕ್ಕೆ ಮಡಚಬೇಕು, ಮಡಚುವುದನ್ನೇ ಅದು ಮರೆತಿತ್ತು. ಮಧ್ಯಾಹ್ನ ಚನ್ನಬಸಮ್ಮ ಒಂದು ಗಳಿಗೆ ಅಡ್ಡಾದಾಗ ನಾನು ತೊಟ್ಟಿಗೆ ಮುಖ ಮಾಡಿ ಅಭ್ಯಾಸ ಮಾಡುತ್ತಿದ್ದೆ. ಬೇಬ. ಬೇಯ. ಬೇಲ. ಗಾಜಿನಾಚೆ ಮೀನುಗಳು ಬಾಯಿ ಬಿಡುತ್ತಿದ್ದವು, ಈಚೆ ನಾನು. ಮೂವತ್ತು ವರ್ಷ ಬಾಯಿ ತೆರೆದರೆ ಬೈಗುಳವೇ ಬರುತ್ತಿದ್ದವನಿಗೆ ಎರಡಕ್ಷರಕ್ಕೆ ಇಷ್ಟು ಪರದಾಟ. ನಾಲ್ಕಿದ್ದ ಮೀನು ಮೂರಾಯಿತು, ಆಮೇಲೆ ಒಂದೇ ವಾರದಲ್ಲಿ ಎರಡು ಹೋಗಿ ಒಂದಾಯಿತು.

ಉಳಿದದ್ದು ಎಲ್ಲಕ್ಕಿಂತ ದೊಡ್ಡದು, ಗೇಣಿಗಿಂತ ಉದ್ದ. ಗುಂಪಿನಲ್ಲಿ ಯಜಮಾನಿಕೆ ಅದರದ್ದೇ ಆಗಿತ್ತು. ಈಗ ಪೈಪಿನ ಬಾಯಲ್ಲಿ ಒಂದೇ ನಿಂತು ಬೂದು ಬಣ್ಣಕ್ಕೆ ತಿರುಗಿತ್ತು. ಆದರೂ ಬಟಾಣಿ ಹಾಕಿದರೆ ಬಂದು ತಿನ್ನುತ್ತಿತ್ತು. ತಿನ್ನುತ್ತಿದೆಯೆಂದರೆ ಬದುಕುತ್ತದೆ. ಹಂಡೆಯ ನೀರು ಬೀಳುವುದು ನಿಂತು, ಬೇರೆ ಪಾತ್ರೆಯ ನೀರು ಎರಡು ವಾರ ಬಿದ್ದರೆ ಇದನ್ನು ಉಳಿಸಿಕೊಳ್ಳಬಹುದು ಎಂದು ನನಗೆ ಖಾತ್ರಿಯಿತ್ತು. ಸೋಮವಾರ ಮಧ್ಯಾಹ್ನ ನಾಲಿಗೆಯ ತುದಿ ಅಂಗುಳಕ್ಕೆ ತಾಗಿತು. ಸದ್ದು ಬರಲಿಲ್ಲ, ತಾಗಿತು ಅಷ್ಟೇ.

ಮಂಗಳವಾರ ಬೆಳಿಗ್ಗೆ ಎಂಟೂವರೆ. ಚನ್ನಬಸಮ್ಮ ಹಳೇ ನೀರು ತೆಗೆದಾಗಿತ್ತು. ಮೊದಲ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬಂದಳು. ಸ್ಟೂಲಿನ ಮೇಲೆ ಹತ್ತಿ ಬಿಂದಿಗೆ ಬಗ್ಗಿಸಿದಳು.

“ಬೇಡ.”

ನನ್ನ ದನಿ ನನಗೇ ಗುರುತಾಗಲಿಲ್ಲ. ಹಳೇ ಬಾಗಿಲಿನ ಹಾಗೆ ಗೊರಗೊರ. ಆದರೆ ಪದ ಸ್ವಚ್ಛವಾಗಿತ್ತು. ಅವಳ ಕೈಯಲ್ಲಿ ಬಿಂದಿಗೆ ಹಾಗೇ ನಿಂತಿತು.

“ರೀ... ಏನಂದ್ರಿ?”

“ಬೇಡ” ಅಂದೆ. ಬಿಂದಿಗೆಯತ್ತ ಕೈ ಚಾಚಿದೆ. “ಬೇಡ. ಬೇಡ.”

ಅವಳು ಬಿಂದಿಗೆ ಕೆಳಗಿಟ್ಟು ನನ್ನ ಕಾಲ ಹತ್ತಿರ ಕುಸಿದು ಕೂತಳು. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಗೆಲುವು ಇನ್ನೊಂದಿಲ್ಲ. ಮುಗಿಯಿತು, ಅರ್ಥವಾಯಿತು ಎಂದುಕೊಂಡೆ. ಅವಳು ನನ್ನ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ಕೆನ್ನೆಗೆ ಒತ್ತಿಕೊಂಡಳು.

“ನಾನ್ ಹೊರೋದು ಬೇಡ ಅಂದ್ರಾ? ನನ್ ಸೊಂಟ ನೋವು ನೋಡಿ ಬೇಡ ಅಂದ್ರಾ?” ಕಣ್ಣೀರು ಧಾರಾಕಾರ. “ದಿನಾ ನೋಡ್ತಿದ್ರಿ ಅಲ್ವಾ ನೀವು? ನಂಗೊತ್ತಿರ್ಲಿಲ್ಲ ಕಣ್ರೀ. ಮೊದಲ್ನೇ ಮಾತೇ ನಂಗೋಸ್ಕರ ಆಡಿದ್ರಲ್ಲ!”

ನಾನು ಮತ್ತೆ “ಬೇಡ” ಅಂದೆ. ಅವಳು ಮತ್ತೆ ಅತ್ತಳು. ಎದ್ದು ಅಮೃತಾಳಿಗೆ ವಿಡಿಯೋ ಕಾಲ್ ಮಾಡಿದಳು. “ನಿಮ್ಮಪ್ಪ ಮಾತಾಡಿದ್ರು ಕಣೇ! ನನ್ನ ಕಷ್ಟ ನೋಡಕ್ಕಾಗ್ದೆ ಬೇಡ ಅಂದ್ರು! ಹೇಳಿ, ಹೇಳಿ, ಅವ್ಳಿಗೂ ಹೇಳಿ.” ಮಗಳಿಗಾದರೂ ತಿಳಿಯಲಿ ಎಂದು ಬಿಂದಿಗೆ ತೋರಿಸಿ “ಬೇಡ” ಅಂದೆ. ಫೋನಿನಲ್ಲಿ ಮಗಳು ಅಳಿಯ ಇಬ್ಬರೂ ಚಪ್ಪಾಳೆ ತಟ್ಟಿದರು. ಅಂಗಡಿಯಿಂದ ಮಂಜೇಶ್ ಓಡಿಬಂದ, ಅವನಿಗೂ ಒಂದು ಸಲ. ಕಾಳಮ್ಮನಿಗೂ ಒಂದು ಸಲ. ಮಗು ತೊದಲಿದರೆ ಮನೆಮಂದಿಯೆಲ್ಲ ಹೇಳಿಸಿ ಹೇಳಿಸಿ ನಗುವುದಿಲ್ಲವೇ, ಹಾಗೆ.

ಎಲ್ಲರೂ ಹೋದ ಮೇಲೆ ಚನ್ನಬಸಮ್ಮ ಮುಖ ತೊಳೆದು ಬಂದು ಬಿಂದಿಗೆ ಎತ್ತಿಕೊಂಡಳು. “ನೀವು ಬೇಡ ಅಂದ್ರೂ ನಾನ್ ಬಿಡಲ್ಲ. ಹದಿನಾಲ್ಕು ವರ್ಷ ನೀವು ಒಂದು ವಾರ ತಪ್ಸಿಲ್ಲ. ಈಗ ನನ್ ಸರದಿ.” ಸೊಂಟನೋವು ಎಲ್ಲಿ ಹೋಗಿತ್ತೋ, ಅವಳ ನಡಿಗೆಯೇ ಬೇರೆಯಾಗಿತ್ತು. ಒಂದೊಂದು ಬಿಂದಿಗೆಗೂ ನಾನು ಬೇಡ ಅಂದೆ. ಒಂದೊಂದು ಸಲವೂ ಅವಳು ತಿರುಗಿ ನೋಡಿ ನಕ್ಕಳು. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ನನ್ನನ್ನು ಹಾಗೆ ನೋಡಿದ್ದಿಲ್ಲ. ಆರನೇ ಬಿಂದಿಗೆಗೆ ನನ್ನ ದನಿ ಅಡಗಿತು. ಉಳಿದೆರಡನ್ನು ಸುಮ್ಮನೆ ನೋಡಿದೆ.

ನಾಲ್ಕು ಗಂಟೆಗೆ ಮೀನು ಪೈಪಿನ ಬಾಯಿಯಿಂದ ಹೊರಬಂದು ಒಂದು ಸುತ್ತು ಸುತ್ತಿತು. ಕಲ್ಲಿನ ಮೇಲೆ ವಾಲಿತು. ಸ್ವಲ್ಪ ಹೊತ್ತು ಕಿವಿರು ಆಡುತ್ತಿತ್ತು, ಆಮೇಲೆ ಆಡಲಿಲ್ಲ. ನಾನು ಅತ್ತೆ. ಲಕ್ವ ಹೊಡೆದ ಮೇಲೆ ಸುಮ್ಮಸುಮ್ಮನೆ ಅಳು ಬರುತ್ತದೆ ಎಂದು ಡಾಕ್ಟರು ಹೇಳಿದ್ದರು, ಇದು ಅದಲ್ಲ.

ಚನ್ನಬಸಮ್ಮ ಅದನ್ನು ಹೂತು, ಮಿಂದು ಬಂದು, ನನ್ನ ಪಕ್ಕದಲ್ಲಿ ಬೆತ್ತದ ಮೋಡಾ ಎಳೆದುಕೊಂಡು ಕೂತಳು. ಬರಿದಾದ ತೊಟ್ಟಿಯಲ್ಲಿ ಪಂಪು ನೀರು ತಿರುಗಿಸುತ್ತಲೇ ಇತ್ತು.

“ಕೊನೇ ಕಂಟಕಾನೂ ಹೊತ್ಕೊಂಡ್ ಹೋಯ್ತು ಬಿಡಿ. ಬೆಳಿಗ್ಗೆ ನಿಮಗೆ ಮಾತು ಕೊಟ್ಟು ಸಂಜೆ ಅದು ಹೋಯ್ತು.” ನನ್ನ ಕಣ್ಣು ಒರೆಸಿ ಎಡಗೈ ಹಿಡಿದುಕೊಂಡಳು. “ಅಳ್ಬೇಡಿ. ಬರೋ ವಾರ ಮಂಜೇಶ ಮೈಸೂರಿಗೆ ತಂತಿ ತರಕ್ಕೆ ಹೋಗ್ತಾನೆ. ಹನ್ನೆರಡು ಮರಿ ತರ್ಸಣ. ನಾನೇ ಸಾಕ್ತೀನಿ, ನೀವ್ ಕೂತ್ಕೊಂಡು ನೋಡಿ.”

“ಬೇಡ” ಅಂದೆ.

ಅವಳು ನನ್ನತ್ತ ತಿರುಗಿ ಕೂತಳು. ನನ್ನ ಮುಖವನ್ನೇ ನೋಡಿದಳು. ಈ ಸಲದ ಬೇಡ ಬೇರೆ ಎಂದು ಅವಳಿಗೆ ತಿಳಿಯಿತು.

“ಯಾಕ್ರೀ ಬೇಡ?”

ಐದು ತಿಂಗಳಲ್ಲಿ ಯಾರೂ ನನ್ನನ್ನು ಯಾಕೆ ಎಂದು ಕೇಳಿರಲಿಲ್ಲ. ಅವಳು ನಿಜವಾಗಿ ಕೇಳುತ್ತಿದ್ದಳು, ಉತ್ತರಕ್ಕೆ ಕಾಯುತ್ತಿದ್ದಳು. ಬಚ್ಚಲುಮನೆಯ ಬಾಗಿಲು ತೆರೆದಿತ್ತು. ಬೆಳಗಿದ ಹಂಡೆ ಕೂತಲ್ಲಿಂದಲೇ ಇಬ್ಬರಿಗೂ ಕಾಣುತ್ತಿತ್ತು. ನಾನು ಬೆರಳು ಎತ್ತಿದ್ದರೆ ಅವಳ ಕಣ್ಣು ಅತ್ತ ಹೋಗುತ್ತಿತ್ತು, ಮೈಲುತುತ್ತಿನ ಡ್ರಮ್ಮು ನೆನಪಾಗುತ್ತಿತ್ತು, ಒಂಬತ್ತು ಮೀನೂ ಲೆಕ್ಕಕ್ಕೆ ಸಿಗುತ್ತಿದ್ದವು. ಅವಳು ದಡ್ಡಿಯಲ್ಲ.

ನನ್ನ ಎಡಗೈ ಅವಳ ಎರಡು ಕೈಗಳ ನಡುವೆ ಇತ್ತು. ಅದನ್ನು ಅಲ್ಲೇ ಬಿಟ್ಟೆ.